ಪಿ0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಸೆಡಾನ್, 92,000 ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಹಳದಿ ಬಣ್ಣದ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಓಡಿಸುವಾಗ ವ್ಯತ್ಯಾಸವೇನೂ ತಿಳಿಯುವುದಿಲ್ಲ; ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಐಡ್ಲಿಂಗ್ ಏರಿಳಿಯುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಪಿ0171 ಎಂಬ ಕೋಡ್ ತೋರಿಸಿದರು. ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಲು 6,500 ರೂಪಾಯಿ ಆಗುತ್ತದೆ ಎಂದರು. ಕೋಡ್ ಅಳಿಸಿಕೊಟ್ಟರೂ ಎರಡೇ ದಿನದಲ್ಲಿ ದೀಪ ಮರಳಿ ಬಂತು. ಹಣ ಕೊಡುವ ಮುನ್ನ ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ 1

ಇದೆ, ಅವಸರಪಡಬೇಡಿ. ದೀಪ ಮಿನುಗತೊಡಗಿದರೆ ಮಾತ್ರ ಗಾಡಿ ನಿಲ್ಲಿಸಿ, ಏಕೆಂದರೆ ಅದು ಮಿಸ್‌ಫೈರ್‌ನ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಸುಡದಿರುವುದರ ಸೂಚನೆ. ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡಬಲ್ಲದು.

ಪಿ0171ರ ಅರ್ಥ ಇಷ್ಟೇ: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಇದು ತಿಳಿದದ್ದೇ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಸಾಕ್ಷ್ಯದಿಂದ. ಹೀಗಿರುವಾಗ ಕೋಡ್ ಒಂದನ್ನೇ ಹಿಡಿದುಕೊಂಡು ಆ ಸೆನ್ಸರೇ ಕೆಟ್ಟಿದೆ ಎನ್ನಲು ಬರುವುದಿಲ್ಲ. ಅದರೊಳಗಿನ ಹೀಟರ್ ಕೆಟ್ಟಿದ್ದರೆ ಪಿ0135ರಂಥ ಬೇರೆ ಕೋಡ್ ಬರುತ್ತಿತ್ತು.

ಕೋಡ್ ಅಳಿಸುವುದನ್ನು ಮೊದಲು ನಿಲ್ಲಿಸಿ. ದೀಪ ಹೊತ್ತಿದ ಕ್ಷಣದಲ್ಲಿ ವೇಗ, ಆರ್‌ಪಿಎಂ, ಕೂಲೆಂಟಿನ ಬಿಸಿ ಎಷ್ಟಿತ್ತು ಎಂಬ ಫ್ರೀಜ್ ಫ್ರೇಮ್ ದಾಖಲೆಯೂ ಅದರೊಡನೆ ಅಳಿಸಿಹೋಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೊಬೈಲಿನಲ್ಲಿ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಇಳಿಸಿದೆ ಎಂದು ತೋರಿಸುವ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್‌ಗಳನ್ನು ನೋಡಿ. ಎರಡನ್ನೂ ಕೂಡಿಸಿದರೆ ಸೊನ್ನೆಯ ಆಚೀಚೆ ಶೇ. 10ರೊಳಗೆ ಇರಬೇಕು. ಐಡ್ಲಿಂಗಿನಲ್ಲಿ ಶೇ. 20 ದಾಟಿದ್ದು 2,500 ಆರ್‌ಪಿಎಂನಲ್ಲಿ ಇಳಿದರೆ, ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ. ಐಡ್ಲಿಂಗಿನಲ್ಲಿ ಸರಿಯಿದ್ದು ಘಟ್ಟ ಹತ್ತುವಾಗ ಏರಿದರೆ, ಪೆಟ್ರೋಲ್ ಪಂಪಿನ ಒತ್ತಡವನ್ನೋ ಕೊಳೆ ಹಿಡಿದ ಏರ್ ಫ್ಲೋ ಸೆನ್ಸರನ್ನೋ ಶಂಕಿಸಿ.

ಉತ್ತರ 2

ಮೇಲಿನ ಮಾತಿಗೆ ಒಂದು ತಿದ್ದುಪಡಿ. ಏರ್ ಫ್ಲೋ ಸೆನ್ಸರ್ ಇಲ್ಲದೆ, ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ ಹೀಗೆ ನುಸುಳಿದ ಗಾಳಿಯೂ ಮ್ಯಾನಿಫೋಲ್ಡಿನ ಒತ್ತಡದ ಲೆಕ್ಕಕ್ಕೆ ಬರುವುದರಿಂದ ಟ್ರಿಮ್ ಅಷ್ಟಾಗಿ ಏರುವುದಿಲ್ಲ, ಐಡ್ಲಿಂಗ್ ವೇಗವೇ ಏರಿಬಿಡುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಸೆನ್ಸರಿನ ಬಗ್ಗೆಯೇ ಅನುಮಾನವಿದ್ದರೆ, ಕನ್ವರ್ಟರಿಗಿಂತ ಮೊದಲು ಇರುವ ಸೆನ್ಸರಿನ ವೋಲ್ಟೇಜ್ ಗಮನಿಸಿ. ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಆಗಿದ್ದರೆ ಅದು 0.1 ಮತ್ತು 0.9 ವೋಲ್ಟ್‌ಗಳ ನಡುವೆ ಬಿಡುವಿಲ್ಲದೆ ತೂಗಾಡಬೇಕು. ವೈಡ್‌ಬ್ಯಾಂಡ್ ಎಂಬ ಇನ್ನೊಂದು ಬಗೆಯ ಸೆನ್ಸರಿಗೆ ಈ ಲೆಕ್ಕ ಅನ್ವಯಿಸದು. 0.1ರಲ್ಲೇ, ಅಂದರೆ ಗಾಳಿ ಹೆಚ್ಚು ಎಂಬ ಲೆಕ್ಕದಲ್ಲೇ ನಿಂತಿದ್ದರೆ ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ನೋಡಿ. 0.8ಕ್ಕೆ ಜಿಗಿದರೆ ಸೆನ್ಸರಿಗೆ ಜೀವವಿದೆ. ಏನು ಮಾಡಿದರೂ ಅಲುಗದಿದ್ದರೂ ಕೂಡಲೇ ಹೊಸದು ತರಬೇಡಿ: ಸೆನ್ಸರಿಗಿಂತ ಮೊದಲು ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಇದೇ ಸುಳ್ಳು ಲೆಕ್ಕ ಬರುತ್ತದೆ, ಇನ್ನು ಮಳೆಗಾಲದಲ್ಲಿ ಬೆಚ್ಚನೆಯ ಬಾನೆಟ್ ಸೇರುವ ಇಲಿಗಳು ವೈರ್ ಕಡಿಯುವುದಂತೂ ನಮ್ಮ ಕಡೆ ಮಾಮೂಲು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ನನ್ನ ಗಾಡಿಯಲ್ಲಿ ಏರ್ ಫ್ಲೋ ಸೆನ್ಸರ್ ಇದೆ. ಟ್ರಿಮ್‌ಗಳ ಮೊತ್ತ ಐಡ್ಲಿಂಗಿನಲ್ಲಿ ಶೇ. 23, 2,500 ಆರ್‌ಪಿಎಂನಲ್ಲಿ ಶೇ. 7 ಇತ್ತು. ಟಾರ್ಚ್ ಹಿಡಿದು ಒಂದೊಂದೇ ಹೋಸ್ ಮುಟ್ಟಿ ನೋಡುತ್ತ ಹೋದಾಗ, ಟ್ಯಾಪೆಟ್ ಕವರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಂಜಿನ್ನೊಳಗಿನ ಆವಿಯನ್ನು ಒಯ್ಯುವ ಪಿಸಿವಿ ಹೋಸ್ ಕ್ಲ್ಯಾಂಪಿನ ಬಳಿ, ಮೇಲಿನಿಂದ ಕಾಣದಂತೆ ಅಡಿಭಾಗದಲ್ಲಿ ಸೀಳಿತ್ತು. ಹೊಸದಕ್ಕೆ 340 ರೂಪಾಯಿ ಆಯಿತು. ಕೋಡ್ ಅಳಿಸದೆ ಓಡಿಸಿದೆ. ನಾಲ್ಕನೆಯ ದಿನ ದೀಪ ತಾನಾಗಿ ಆರಿತು, ಈಗ ಮೊತ್ತ ಶೇ. 3ರಲ್ಲಿ ನಿಂತಿದೆ. ಹಳೆಯ ಹೋಸನ್ನು ಗ್ಯಾರೇಜಿಗೆ ಒಯ್ದು ತೋರಿಸಿದಾಗ, ‘ಸೆನ್ಸರೂ ಹಳೆಯದೇ ಅಲ್ಲವೇ, ಬದಲಿಸಿದ್ದರೆ ನಷ್ಟವೇನಿತ್ತು’ ಎಂದರು.