ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ‘ಚೆನ್ನಾಗಿದೆ’ ಅಂತ ಬರೆದರೆ ಸಾಕಾ?

ಕಡಲತೀರ:
ನಿನ್ನೆ ಮಂಗಳೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳ ಪ್ರದರ್ಶನ ನೋಡಿ ಬಂದೆ. ಒಂದು ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಬಣ್ಣ ಇಲ್ಲ, ಬರೀ ಕಪ್ಪು ಗೆರೆ. ಜಗಲಿಯಲ್ಲಿ ಕೂತ ತಾಯಿ ಬೀಡಿ ಎಲೆ ಕತ್ತರಿಸುತ್ತಿದ್ದಾರೆ, ಮಡಿಲಲ್ಲಿ ಗೆರಸೆ. ಮುಖ ಸರಿಯಾಗಿ ಕಾಣುವುದಿಲ್ಲ, ಕೈಗಳೇ ಎದ್ದು ಕಾಣುತ್ತವೆ. ಆದರೆ ಕತ್ತರಿ ಎಡಗೈಯಲ್ಲಿತ್ತು. ಯಾಕೋ ತಪ್ಪು ಅನ್ನಿಸಿತು. ಬರೆದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಕೇಳಲು ಧೈರ್ಯ ಬರಲಿಲ್ಲ. ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ‘ತುಂಬಾ ಚೆನ್ನಾಗಿದೆ’ ಅಂತ ಬರೆದು ಬಂದೆ. ಅದೇ ಮನಸ್ಸನ್ನು ಕೊರೆಯುತ್ತಿದೆ. ಕಲಿಯುವ ಮಕ್ಕಳಿಗೆ ನಮ್ಮಂಥವರು ತಪ್ಪು ಹೇಳಬಹುದಾ?

ಡ್ರಾಯಿಂಗ್ ಮೇಷ್ಟ್ರು:
ನೀವು ಮಾಡಿದ್ದೇ ಸರಿ. ನಾನು ಹೈಸ್ಕೂಲಿನಲ್ಲಿ 30 ವರ್ಷ ಚಿತ್ರ ಕಲಿಸಿದವನು. ಒಮ್ಮೆ ಶಾಲೆಗೆ ಬಂದ ಅತಿಥಿಯೊಬ್ಬರು ‘ಇದೇನು, ಕಾಗೆಯೋ ಕೋಳಿಯೋ’ ಅಂದುಬಿಟ್ಟರು. ಆ ಹುಡುಗ ಮತ್ತೆ ಕುಂಚ ಮುಟ್ಟಲಿಲ್ಲ. ತಿದ್ದುವುದಕ್ಕೆ ಮೇಷ್ಟ್ರು ಇದ್ದಾರೆ.

ಸಂಜೆ ನಡಿಗೆ:
ಒಪ್ಪುವುದಿಲ್ಲ ಮೇಷ್ಟ್ರೇ. ಬೆಂಗಳೂರಿನ ಚಿತ್ರಸಂತೆಯಲ್ಲಿ ನೋಡಿ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರದ ಪಕ್ಕದಲ್ಲೇ ಕಲಾವಿದರು ಕೂತಿರುತ್ತಾರೆ. ಜನ ಧೈರ್ಯವಾಗಿ ಕೇಳುತ್ತಾರೆ, ವಾದವನ್ನೂ ಮಾಡುತ್ತಾರೆ. ಕಾಲೇಜಿಗೆ ಬಂದ ಕೂಡಲೇ ಯಾಕೆ ಬಾಯಿ ಕಟ್ಟುತ್ತದೆ? ಈ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಜಾಸ್ತಿ ಚಿತ್ರಗಳು ಅವರ ಮೇಷ್ಟ್ರ ಕೈಯಿಂದಲೇ ಬಂದ ಹಾಗಿದ್ದವು. ಬೀಡಿ ಕಟ್ಟುವ ತಾಯಿಯೂ ಸುಲಭವಾಗಿ ಕನಿಕರ ಹುಟ್ಟಿಸುವ ವಿಷಯ, ಅಲ್ವಾ?

ಡ್ರಾಯಿಂಗ್ ಮೇಷ್ಟ್ರು:
ಗುರುವಿನ ಹಾಗೆ ಬರೆಯುವುದೂ ಕಲಿಕೆಯೇ. ನಮ್ಮ ಕೆ. ವೆಂಕಟಪ್ಪನವರು ಕೋಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಆಗಿನ ಚಿತ್ರಗಳಲ್ಲಿ ಗುರುವಿನ ಬಂಗಾಳ ಶೈಲಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಊಟಿಯಲ್ಲಿ ಮಾಡಿದ ಜಲವರ್ಣ ನೋಡಿ. ಆ ಬೆಟ್ಟ, ಆ ಮಂಜು ಅವರು ಸ್ವಂತ ಕಣ್ಣಿಂದ ಕಂಡದ್ದು. ಅದಕ್ಕೆ ಸಮಯ ಬೇಕು.

ಬೀಡಿ ಮನೆಯ ಮಗಳು:
ಕನಿಕರ ಅಂದಿದ್ದಕ್ಕೆ ನಾನು ಹೇಳಲೇಬೇಕು. ಆ ಚಿತ್ರ ನಾನೂ ನೋಡಿದೆ. ಎಲೆಯ ಮೇಲೆ ಅಳತೆಯ ತಗಡು ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಾರೆ. ಆ ಹೆಬ್ಬೆರಳು ಚಪ್ಪಟೆಯಾಗಿದೆ. ನನ್ನ ಅಮ್ಮನದೂ ಹಾಗೇ ಇದೆ. ಸುಮ್ನೆ ಫೋಟೋ ನೋಡಿ ಬರೆದರೆ ಇದು ಬರುವುದಿಲ್ಲ. ಎಷ್ಟೋ ಸಂಜೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವ ವಿಷಯ. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಕತ್ತರಿ ಎಡಗೈಯಲ್ಲಿ ಇದ್ದದ್ದು ಮಾತ್ರ ನನಗೂ ಅರ್ಥವಾಗಲಿಲ್ಲ.

ಸಂಜೆ ನಡಿಗೆ:
ಹೆಬ್ಬೆರಳು ನಾನು ನೋಡಲೇ ಇಲ್ಲ ಅಕ್ಕ. ಕನಿಕರದ ಮಾತು ವಾಪಸ್ ತಗೊಂಡೆ, ಕ್ಷಮಿಸಿ. ಆದರೆ ಇದನ್ನೇ ನೀವು ಆ ಹುಡುಗಿಗೆ ಹೇಳಿದ್ದರೆ ಎಷ್ಟು ಖುಷಿಯಾಗುತ್ತಿತ್ತು!

ಮಸಿಗೈ:
ಆ ಚಿತ್ರ ಎಚಿಂಗ್, ಅಂದರೆ ತಗಡಿನಿಂದ ಕಾಗದಕ್ಕೆ ಒತ್ತಿದ ಅಚ್ಚು. ನಾನೂ ಅದನ್ನೇ ಮಾಡುವವನು, ಎಡಗೈ ವಿಷಯ ಹೇಳುತ್ತೇನೆ. ಸತು ಅಥವಾ ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀರಿ ಚಿತ್ರ ಬರೆಯುತ್ತೇವೆ. ಆಮೇಲೆ ಆಸಿಡ್‌ನಲ್ಲಿ ಮುಳುಗಿಸುತ್ತೇವೆ. ಮೇಣ ಹೋದ ಕಡೆ ಆಸಿಡ್ ತಗಡನ್ನು ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳ, ಅಚ್ಚಿನಲ್ಲಿ ಅಷ್ಟೇ ಕಪ್ಪು. ಕೊನೆಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತುತ್ತೇವೆ. ಕಾಗದದ ಮೇಲೆ ಚಿತ್ರ ಎಡಬಲ ಅದಲುಬದಲಾಗಿ ಬರುತ್ತದೆ. ಅದಕ್ಕೇ ಕತ್ತರಿ ಆ ಕಡೆ ಹೋಗಿರಬೇಕು. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 2/8 ಅಂತ ಇತ್ತಲ್ಲ, ಅದು ಅಂಕ ಅಲ್ಲ. ಎಂಟು ಪ್ರತಿಗಳಲ್ಲಿ ಎರಡನೆಯದು ಅಂತ.

ಮೂರನೇ ಸಾಲಿನ ಗೋಡೆ:
ಎಲ್ಲರಿಗೂ ನಮಸ್ಕಾರ. ಆ ಚಿತ್ರ ನನ್ನದು. ಮಸಿಗೈ ಸರ್ ಹೇಳಿದ್ದು ನಿಜ. ತಗಡಿನ ಮೇಲೆ ತಿರುಗಿಸಿ ಬರೆಯಬೇಕಿತ್ತು, ಮರೆತೆ. ಮೊದಲ ಅಚ್ಚು ಎತ್ತಿದಾಗಲೇ ಗೊತ್ತಾಗಿದ್ದು. ಇನ್ನೊಂದು ತಗಡಿನಲ್ಲಿ ತಿದ್ದಿ ಮಾಡಿದೆ. ಕತ್ತರಿ ಸರಿಯಾಯಿತು, ಹೆಬ್ಬೆರಳು ಕೆಟ್ಟಿತು. ಎರಡರಲ್ಲಿ ಯಾವುದನ್ನು ಹಾಕಲಿ ಅಂತ ಬಹಳ ಯೋಚನೆ ಮಾಡಿ ಹೆಬ್ಬೆರಳು ಇರುವುದನ್ನೇ ತೂಗುಹಾಕಿದೆ. ಯಾರಾದರೂ ಕೇಳಲಿ ಅಂತ ಮೂರು ದಿನ ಕಾದೆ. ಪುಸ್ತಕದಲ್ಲಿ ನಾಲ್ಕು ಪುಟ ‘ಚೆನ್ನಾಗಿದೆ’ ಇದೆ. ಬೇಜಾರಿಲ್ಲ. ಆದರೆ ಹೆಬ್ಬೆರಳಿನ ಮಾತು ಓದಿ ಅಮ್ಮನಿಗೆ ತೋರಿಸಿದೆ, ಅಕ್ಕ.

ಡ್ರಾಯಿಂಗ್ ಮೇಷ್ಟ್ರು:
ಹಾಗಾದರೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ ಮಗಾ. ನೋಡುವವರು ಬಾಯಿ ಬಿಡಬೇಕು. ಆದರೂ ‘ತಪ್ಪು’ ಅಂತ ಶುರು ಮಾಡಬೇಡಿ. ‘ಕತ್ತರಿ ಈ ಕೈಯಲ್ಲಿ ಯಾಕಿದೆ’ ಅಂತ ಕೇಳಿ, ಆಮೇಲೆ ಉತ್ತರ ಕೇಳಿಸಿಕೊಳ್ಳಿ.

ಕಡಲತೀರ:
ನಾಳೆಯೂ ಪ್ರದರ್ಶನ ಇದೆಯಾಮ್ಮಾ? ಇನ್ನೊಮ್ಮೆ ಬರುತ್ತೇನೆ.

ಮೂರನೇ ಸಾಲಿನ ಗೋಡೆ:
ಸಂಜೆ 5ರವರೆಗೆ ಇದೆ, ಖಂಡಿತ ಬನ್ನಿ. ತಗಡನ್ನೂ ತಂದಿಡುತ್ತೇನೆ. ಅದರಲ್ಲಿ ಕತ್ತರಿ ಅಮ್ಮನ ಬಲಗೈಯಲ್ಲೇ ಇದೆ.