ಪದಚರ್ಚೆ: ಓರಿಯೆಂಟೇಶನ್‌ಗೆ ‘ಹೊತ್ತು, ಗೊತ್ತು, ಗುರುತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಪುಣೆಯಲ್ಲಿ ನರ್ಸ್. ಹಾಸಿಗೆ ಹಿಡಿದ ಹಿರಿಯರನ್ನು, ಮರೆವಿನ ಕಾಯಿಲೆ ಇರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಕಡೆ ನನ್ನ ಕೆಲಸ. ಹೊಸದಾಗಿ ಸೇರಿದ ನರ್ಸ್‌ಗಳಿಗೆ ಮೊದಲ ವಾರ ಕೆಲಸ ತೋರಿಸಿಕೊಡುವ ಹೊಣೆಯೂ ನನ್ನದೇ. ಅವರಲ್ಲಿ ಬಹಳ ಮಂದಿ ಕಲಬುರಗಿ, ವಿಜಯಪುರ, ಬೀದರ್ ಕಡೆಯ ಹುಡುಗಿಯರು. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು, ಬ್ಯಾಗ್ ಸಮೇತ ನೇರವಾಗಿ ವಾರ್ಡಿಗೆ ಬಂದವರೂ ಇದ್ದಾರೆ. ಅವರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಲು ಕೂತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಹೀಗೆ ಹೊಸಬರಿಗೆ ಕೆಲಸದ ಜಾಗ, ಜನ, ರೀತಿ ಪರಿಚಯ ಮಾಡಿಸುವ ‘ಓರಿಯೆಂಟೇಶನ್’ಗೆ ಕನ್ನಡದಲ್ಲಿ ಏನು ಹೇಳೋಣ?

ಇಲ್ಲಿಯ ಮರಾಠಿ ಹಾಳೆಯ ಮೇಲೆ ‘ಉದ್ಬೋಧನ’ ಎಂದಿದೆ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಹೊಸ ಅಧ್ಯಾಪಕರಿಗೆ ನಡೆಸುವುದಕ್ಕೆ ‘ಉದ್ಬೋಧನ ವರ್ಗ’ ಅನ್ನುತ್ತಾರೆ, ಹಳಬರಿಗೆ ನಡೆಸುವುದಕ್ಕೆ ‘ಉಜಳಣಿ ವರ್ಗ’. ಉಜಳಣಿ ಎಷ್ಟು ಚೆನ್ನಾದ ಪದ, ಉಜ್ಜಿ ಹೊಳಪು ಬರಿಸಿದ ಹಾಗೆ! ಆದರೆ ಉದ್ಬೋಧನ ನಮ್ಮ ಹುಡುಗಿಯರಿಗೆ ಒಗ್ಗಲಿಲ್ಲ. ಜೇವರ್ಗಿ ಕಡೆಯ ಒಬ್ಬಳು ನೋಡಿದವಳೇ, “ಇದೇನ್ ಭಾಷಣ ಏನ್ರಿ ಸಿಸ್ಟರ್?” ಎಂದು ಕೇಳಿದಳು.

‘ಅಭಿವಿನ್ಯಾಸ’ ಹಿಂದಿಯಿಂದ ಬಂದದ್ದು, ಓದಿದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ‘ಬುನಾದಿ ತರಬೇತಿ’ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಚೆನ್ನಾಗಿ ಓಡಾಡುವ ಮಾತು. ಆದರೆ ಇವರು ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಓದಿ ಬಂದವರು. ಬುನಾದಿ ಹಾಕಿಸಿಕೊಂಡೇ ಬಂದಿದ್ದಾರೆ. ಅವರಿಗೆ ತಿಳಿಯಬೇಕಾದ್ದು ಈ ಮನೆ, ಈ ಜನ.

ಹಾಗಾದರೆ ‘ದಿಕ್ಕು’? ಓರಿಯೆಂಟ್ ಎಂಬ ಮಾತಿನ ಬೇರು ಲ್ಯಾಟಿನ್. ಮೇಲೇಳುವುದು, ಸೂರ್ಯ ಹುಟ್ಟುವ ಕಡೆ ಎಂದು ಅರ್ಥ. ನಮ್ಮ ಮೂಡಣವೂ ಹಾಗೇ ಅಲ್ವಾ? ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಮೂಡಣ ಯಾವುದೆಂದು ಗೊತ್ತಾದರೆ ಉಳಿದ ಮೂರೂ ತಾವಾಗಿಯೇ ತಿಳಿಯುತ್ತವೆ. ಅದಕ್ಕೇ ‘ದಿಕ್ಕು ತೋರಿಸುವುದು’ ಎಂದು ಬರೆದು ನೋಡಿದೆ. ಆಮೇಲೆ ನಾನೇ ಹೊಡೆದು ಹಾಕಿದೆ. ನಮ್ಮಲ್ಲಿ ದಿಕ್ಕು ಅಂದರೆ ಆಸರೆ ಕೂಡ. “ನನಗ್ಯಾರು ದಿಕ್ಕು?” ಎಂಬ ಮಾತನ್ನು ನಮ್ಮ ವಾರ್ಡಿನಲ್ಲಿ ಸಂಜೆ ಹೊತ್ತು ಜಾಸ್ತಿ ಕೇಳುತ್ತೇನೆ. ಗೋಡೆಯ ಮೇಲೆ ಆ ಪದವನ್ನು ದಪ್ಪಕ್ಷರದಲ್ಲಿ ಅಂಟಿಸಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ ಇದೆ. ನನ್ನ ನಿಜವಾದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಆಸ್ಪತ್ರೆಯಲ್ಲಿ ಇದೇ ಪದ ರೋಗಿಯ ಫೈಲಿನಲ್ಲೂ ಬರುತ್ತದೆ. ಇವತ್ತು ಯಾವ ದಿನ, ನೀವು ಎಲ್ಲಿದ್ದೀರಿ, ನಾನು ಯಾರು ಎಂದು ಕೇಳುತ್ತೇವೆ. ಸರಿಯಾಗಿ ಹೇಳಿದರೆ ‘ಓರಿಯೆಂಟೆಡ್’ ಎಂದು ಬರೆಯುತ್ತೇವೆ. ಕಾಲ, ಸ್ಥಳ, ವ್ಯಕ್ತಿ ಎಂದು ಮೂರು ಕಡೆ ನೋಡುವುದು ವಾಡಿಕೆ.

ನಮ್ಮಲ್ಲಿ ಒಬ್ಬರು ಅಜ್ಜಿ ಇದ್ದರು, ನವಲಗುಂದದ ಕಡೆಯವರು. ಐವತ್ತು ವರ್ಷ ಪುಣೆಯಲ್ಲಿ ಮರಾಠಿ ಆಡಿಕೊಂಡೇ ಬದುಕಿದವರು. ಮರೆವು ಹೆಚ್ಚಾದಂತೆ ಮರಾಠಿ ಹಿಂದೆ ಸರಿದು ಕನ್ನಡ ಒಂದೇ ಉಳಿಯಿತು. ದಿನಾ ಬೆಳಿಗ್ಗೆ ನರ್ಸ್‌ಗಳು ಅವರನ್ನು ಆ ಮೂರು ಪ್ರಶ್ನೆ ಮರಾಠಿಯಲ್ಲಿ ಕೇಳುತ್ತಿದ್ದರು. ಅವರು ಸುಮ್ನೆ ನೋಡುತ್ತಿದ್ದರು. ಫೈಲಿನಲ್ಲಿ ‘ನಾಟ್ ಓರಿಯೆಂಟೆಡ್’ ಎಂದು ಬೀಳುತ್ತಿತ್ತು. ಒಂದು ದಿನ ಆ ಜೇವರ್ಗಿ ಹುಡುಗಿ ಅವರ ತಲೆ ಬಾಚಲು ಎಣ್ಣೆ ಬಾಟಲಿ ತೆಗೆದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದು, “ಇವತ್ತ ಅಮಾಸಿ ಐತಿ ತಂಗಿ, ಎಣ್ಣಿ ಹಚ್ಚಬ್ಯಾಡ” ಅಂದರು. ಹುಡುಗಿ ತಿರುಗಿ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ನೋಡಿದಳು. ಅಮಾವಾಸ್ಯೆಯೇ! ನಮ್ಮಲ್ಲಿ ಯಾರಿಗೂ ಅದರ ಪರಿವೆ ಇರಲಿಲ್ಲ. “ಇದು ಯಾವ ಊರ್ರಿ ಅಜ್ಜಿ?” ಎಂದು ಕೇಳಿದ್ದಕ್ಕೆ ಮಾತ್ರ, “ನಮ್ಮ ತವರು” ಅಂದರು.

ಅವತ್ತು ಫೈಲಿನಲ್ಲಿ ಏನು ಬರೆಯಬೇಕು ಎಂದು ಯೋಚಿಸುವಾಗ ಒಂದು ಹಳೆಯ ಜೋಡಿ ಮಾತು ನೆನಪಾಯಿತು. ‘ಹೊತ್ತು ಗೊತ್ತು ಇಲ್ಲದೆ ಬರ್ತಾನೆ’ ಅನ್ನುತ್ತೇವಲ್ಲ, ಅದು. ಈಗ ಗೊತ್ತು ಅಂದರೆ ನಮಗೆ ‘ತಿಳಿದಿದೆ’ ಎಂದಷ್ಟೇ. ಆದರೆ ಗೊತ್ತಾದ ಜಾಗ, ಗೊತ್ತುಪಡಿಸು, ಗೊತ್ತುಗುರಿ ಅನ್ನುವಾಗ ಅದರಲ್ಲಿ ‘ಇಂಥದ್ದೇ ನೆಲೆ’ ಎಂಬ ಅರ್ಥ ಇನ್ನೂ ಇದೆ. ಹೊತ್ತು ಅಂದರೆ ಕಾಲ. ಗೊತ್ತು ಅಂದರೆ ನೆಲೆ. ಇವೆರಡರ ಪಕ್ಕ ‘ಗುರುತು’ ಇಟ್ಟರೆ ವ್ಯಕ್ತಿಯೂ ಸೇರಿದ ಹಾಗಾಯಿತು. ಹೊತ್ತು, ಗೊತ್ತು, ಗುರುತು. ಆ ಅಜ್ಜಿಗೆ ಹೊತ್ತು ಇತ್ತು, ಗೊತ್ತು ಇರಲಿಲ್ಲ. ನನಗೆ ಇದು ‘ಓರಿಯೆಂಟೆಡ್’ಗಿಂತ ಎಷ್ಟೋ ಸ್ಪಷ್ಟ.

ಹೊಸ ನರ್ಸ್‌ಗೆ ಮೊದಲ ವಾರ ಬೇಕಾದ್ದೂ ಇವೇ ಮೂರು. ಯಾವ ಹೊತ್ತಿಗೆ ಏನು: 2 ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಊಟಕ್ಕೆ ಮೊದಲು ಶುಗರ್ ನೋಡುವುದು, ಉಂಡ ಮೇಲೆ ಕನಿಷ್ಠ 30 ನಿಮಿಷ ಒರಗಿಸಿ ಕೂರಿಸುವುದು, ಪಾಳಿ ಮುಗಿದಾಗ ಓವರ್ ಕೊಡುವುದು (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು). ಯಾವುದು ಎಲ್ಲಿ: ಆಕ್ಸಿಜನ್, ಕಫ ಎಳೆಯುವ ಸಕ್ಷನ್ ಯಂತ್ರ, ತುರ್ತು ಔಷಧಿಯ ಟ್ರಾಲಿ. ಕತ್ತಲಲ್ಲೂ ಕೈ ಅಲ್ಲಿಗೇ ಹೋಗಬೇಕು. ಆಮೇಲೆ ಗುರುತು. ಇದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ಯಾವ ಆಜೋಬಾಗೆ (ಮರಾಠಿಯಲ್ಲಿ ಅಜ್ಜ) ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ, ಯಾವ ಆಜಿ ರಾತ್ರಿ ಯಾರನ್ನೂ ಕರೆಯದೆ ಎದ್ದು ಹೊರಡುತ್ತಾರೆ, ಯಾರು ನೋವಿದ್ದರೂ ಬಾಯಿ ಬಿಡುವುದಿಲ್ಲ. ಇದೆಲ್ಲ ಫೈಲಿನಲ್ಲಿ ಅರ್ಧ ಇರುತ್ತದೆ. ಉಳಿದರ್ಧ ಹಳೆಯ ಮಾವಶಿಯರ ತಲೆಯಲ್ಲಿ ಇರುತ್ತದೆ. ಇಲ್ಲಿ ಆಯಾಗಳನ್ನು ಎಲ್ಲರೂ ಮಾವಶಿ ಅಂತಲೇ ಕರೆಯುತ್ತಾರೆ, ವಾರ್ಡ್‌ಬಾಯ್‌ಗಳನ್ನು ಮಾಮಾ ಅಂತ. ಹೊಸಬರನ್ನು ಮೊದಲ ಮೂರು ದಿನ ನಾನು ಒಬ್ಬ ಮಾವಶಿಯ ಜೊತೆಗೇ ಬಿಡುತ್ತೇನೆ.

ಹಾಸಿಗೆಯಲ್ಲಿರುವ ಅಜ್ಜಿಗೂ ಪಕ್ಕದಲ್ಲಿ ನಿಂತ ಹೊಸ ಹುಡುಗಿಗೂ ತಪ್ಪಿಹೋಗಿರುವುದು ಒಂದೇ ಆದ್ದರಿಂದ ಇಬ್ಬರಿಗೂ ಒಂದೇ ಪದ ಇರಲಿ ಎಂದು ನನ್ನ ಆಸೆ. ಆ ಹುಡುಗಿಗೆ ತನ್ನ ಮೊದಲ ದಿನ ನೆನಪಿದ್ದರೆ, ಅಜ್ಜಿಯನ್ನು ಕೇಳುವ ದನಿಯೇ ಬೇರೆಯಾಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬರೆಯುತ್ತಿರುವಾಗಲೇ ಇನ್ನೊಂದು ಪದವನ್ನೂ ಕೇಳಿಬಿಡುತ್ತೇನೆ. ಬೆಡ್‌ಸೋರ್‌ಗೆ ‘ಹಾಸಿಗೆ ಹುಣ್ಣು’ ಅನ್ನುತ್ತೇವೆ. ಈ ಹುಣ್ಣು ಎಂಬ ಮಾತೇ ಮೋಸ ಮಾಡುತ್ತದೆ. “ಹಿಮ್ಮಡಿ ನೋಡಿದಿಯಾ?” ಎಂದು ಕೇಳಿದರೆ, “ಹುಣ್ಣಿಲ್ರಿ ಸಿಸ್ಟರ್” ಅಂದಳು ಒಬ್ಬಳು. ಚರ್ಮ ಒಡೆದಿರಲಿಲ್ಲ, ನಿಜ. ಆದರೆ ಅಲ್ಲಿ ಕೆಂಪಾಗಿತ್ತು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿಕೊಳ್ಳಲಿಲ್ಲ, ಕೆಂಪು ಹಾಗೇ ಉಳಿಯಿತು. ಅದೇ ಮೊದಲ ಹಂತ. ಕಪ್ಪು ಮೈಯಲ್ಲಿ ಆ ಕೆಂಪೂ ಸರಿಯಾಗಿ ಕಾಣುವುದಿಲ್ಲ. ಅಂಗೈ ಹಿಂಭಾಗ ಇಟ್ಟು ಬಿಸಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಗಟ್ಟಿಯೋ ಮೆತ್ತಗೋ ಎಂದು ಮುಟ್ಟಿ ನೋಡಬೇಕು. ಚರ್ಮ ಒಡೆಯದೆಯೂ ಕೆಡುಕು ಶುರುವಾಗಿರುತ್ತದೆ. ಅದಕ್ಕೇ ಅಮೆರಿಕದ ತಜ್ಞರ ಮಂಡಳಿಯೊಂದು 2016ರಲ್ಲಿ ಹುಣ್ಣು ಎಂಬ ಪದವನ್ನು ಕೈಬಿಟ್ಟು ‘ಒತ್ತಡದ ಪೆಟ್ಟು’ ಎಂಬ ಅರ್ಥದ ಹೆಸರು ಇಟ್ಟಿತು.

ಕನ್ನಡದಲ್ಲಿ ನನಗೆ ಹೊಳೆದದ್ದು ‘ಕಂದು’. ಬುಟ್ಟಿಯ ಅಡಿಯಲ್ಲಿ ಉಳಿದ ಮಾವಿನ ಹಣ್ಣು ಒತ್ತಿ ಕಂದುತ್ತದಲ್ಲ, ಸಿಪ್ಪೆ ಇದ್ದ ಹಾಗೇ ಇರುತ್ತದೆ, ಒಳಗೆ ತಿರುಳು ಕೆಟ್ಟಿರುತ್ತದೆ. ಅಚ್ಚು ಅದೇ. ಕೈಪಿಡಿಯಲ್ಲಿ ‘ಮೈ ಒತ್ತಿ ಕಂದಿದೆಯೇ ನೋಡಿ’ ಎಂದು ಬರೆದಿದ್ದೇನೆ. ಹುಡುಗಿಯರಿಗೆ ಓದಿ ಹೇಳಿದೆ. ಯಾರೂ ಅರ್ಥ ಕೇಳಲಿಲ್ಲ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ಹೊತ್ತು ಗೊತ್ತು’ ಜೋಡಿಯನ್ನು ‘ಇಲ್ಲದೆ’ ಸೇರಿಸದೆ, ಒಳ್ಳೆಯ ಅರ್ಥದಲ್ಲಿ ನಿಮ್ಮ ಕಡೆ ಯಾರಾದರೂ ಆಡುತ್ತಾರಾ? ತಲೆಬರಹವಾಗಿ ‘ಹೊಸ ನರ್ಸ್‌ಗಳಿಗೆ ಹೊತ್ತು, ಗೊತ್ತು, ಗುರುತು’ ಎಂದರೆ ಕಿವಿಗೆ ಸರಿ ಕೇಳುತ್ತದೆಯೇ? ಕರಾವಳಿಯಲ್ಲಿ, ಹಳೆ ಮೈಸೂರು ಕಡೆ ‘ಕಂದು’ ಎಂಬುದನ್ನು ಮನುಷ್ಯರ ಮೈಗೂ ಹೇಳುತ್ತಾರೆಯೇ, ಇಲ್ಲ ಹಣ್ಣಿಗೆ, ಹೂವಿಗೆ ಮಾತ್ರವೇ? ಮುಂದಿನ ಸೋಮವಾರ ಮೂವರು ಹೊಸಬರು ಬರುತ್ತಿದ್ದಾರೆ. ಅಷ್ಟರೊಳಗೆ ಕೈಪಿಡಿಯನ್ನು ಜೆರಾಕ್ಸ್‌ಗೆ ಕೊಡಬೇಕು.