ಹಾಬ್ಸನ್ನನ ಕುದುರೆ, ನೆಲ್ಸನ್ನನ ಕಣ್ಣು

ಜೋರು ಮಳೆ ಬಂದರೆ ಇಂಗ್ಲಿಷಿನವರು ‘ಬೆಕ್ಕು ನಾಯಿಗಳು ಸುರಿಯುತ್ತಿವೆ’ ಎನ್ನುವುದೇಕೆ ಎಂದು ರಾಯರು ಕೇಳಿದ್ದೇ ತಡ, ಮೇಷ್ಟ್ರು ಕಥೆ ಬಿಚ್ಚಿದರು. ಹಿಂದೆ ಅಲ್ಲಿನ ಹುಲ್ಲುಮಾಡಿನ ಮೇಲೆ ಈ ಪ್ರಾಣಿಗಳು ಮಲಗುತ್ತಿದ್ದವಂತೆ, ಮಳೆ ಬಂದಾಗ ಜಾರಿ ಕೆಳಗೆ ಬೀಳುತ್ತಿದ್ದವಂತೆ.

“ಬೆಕ್ಕಿನ ಮಾತು ಹಾಗಿರಲಿ, ನಾಯಿ ಮಾಡು ಹತ್ತಿದ್ದು ಹೇಗೆ? ಏಣಿ ಇಟ್ಟವರು ಯಾರು?” ಎಂದು ವಕೀಲರು ಪಾಟೀಸವಾಲಿಗೆ ಇಳಿದರು. ಈ ಮಾತು 1738ರಲ್ಲಿ ಅಚ್ಚಾದ ಜೊನಾಥನ್ ಸ್ವಿಫ್ಟನ ಪುಸ್ತಕದಲ್ಲಿದೆ, ಆದರೆ ಮಾಡಿನ ಕಥೆಗೆ ಮಾತ್ರ ಯಾವ ಆಧಾರವೂ ಇಲ್ಲ ಎಂದು ಮೇಷ್ಟ್ರೇ ಕೊನೆಗೆ ಒಪ್ಪಬೇಕಾಯಿತು.

ಸೋತ ಮೊಕದ್ದಮೆಯನ್ನು ಮರೆಸಲು ಅವರು ‘ಹಾಬ್ಸನ್ಸ್ ಚಾಯ್ಸ್’ ಎತ್ತಿಕೊಂಡರು. ಕೇಂಬ್ರಿಜಿನಲ್ಲಿ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ಥಾಮಸ್ ಹಾಬ್ಸನ್, ವಿದ್ಯಾರ್ಥಿಗಳು ಚುರುಕಾದ ಕುದುರೆಗಳನ್ನೇ ಆರಿಸಿ ಆರಿಸಿ ಓಡಿಸಿ ದಣಿಸುವುದನ್ನು ನೋಡಲಾರದೆ, ಲಾಯದ ಬಾಗಿಲಿಗೆ ಹತ್ತಿರವಿರುವ ಕುದುರೆಯನ್ನೇ ಒಯ್ಯಬೇಕು, ಬೇಡವಾದರೆ ಬಿಡಬೇಕು ಎಂಬ ಕಟ್ಟಳೆ ಮಾಡಿದನಂತೆ. ಎದುರಿಗಿರುವುದನ್ನು ಒಪ್ಪುವುದರ ಹೊರತು ಬೇರೆ ದಾರಿಯಿಲ್ಲದ ‘ಆಯ್ಕೆ’ಗೆ ಅವನ ಹೆಸರೇ ಅಂಟಿಕೊಂಡಿತು.

“ನಮ್ಮ ಸಹಕಾರ ಸಂಘದ ಅವಿರೋಧ ಆಯ್ಕೆಯ ಹಾಗೆ,” ಎಂದರು ರಾಯರು.

“ತಪ್ಪು. ಹಾಬ್ಸನ್ನನ ಕುದುರೆ ಬೇಡವಾದರೆ ನಡೆದು ಹೋಗಬಹುದಿತ್ತು. ನಿಮ್ಮ ಅಧ್ಯಕ್ಷರು ಬೇಡವೆಂದರೂ ಬರುತ್ತಾರೆ,” ಎಂದು ವಕೀಲರು ತಿದ್ದಿದರು.

ಹಾಬ್ಸನ್ ಲಂಡನ್ನಿಗೆ ಸಾಮಾನು ಸಾಗಿಸುವ ಗಾಡಿಯನ್ನೂ ನಡೆಸುತ್ತಿದ್ದ. ಪ್ಲೇಗಿನ ದೆಸೆಯಿಂದ ಆ ಓಡಾಟ ನಿಂತಿದ್ದಾಗ, 1631ರಲ್ಲಿ, ಅವನು ತೀರಿಕೊಂಡ. ಆಗ ಕೇಂಬ್ರಿಜಿನಲ್ಲೇ ಓದುತ್ತಿದ್ದ ಮಿಲ್ಟನ್ ಅವನ ಮೇಲೆ ಎರಡು ಪದ್ಯ ಬರೆದು, ಮುದುಕ ಸತ್ತದ್ದು ಕೆಲಸವಿಲ್ಲದ್ದರಿಂದಲೇ ಎಂದು ಚೇಷ್ಟೆ ಮಾಡಿದ್ದಾನೆ. ಮಿಲ್ಟನ್ ಎಂದರೆ ಗಂಟುಮುಖದ ಕವಿಯೆಂದೇ ತಿಳಿದಿದ್ದ ನಮಗೆ ಇದು ಹಬ್ಬವಾಯಿತು. ನಿವೃತ್ತರಾಗಿ ಕುಳಿತಿರುವ ರಾಯರು ಮಾತ್ರ ನಗಲಿಲ್ಲ.

ಮಾತು ‘ಟರ್ನ್ ಎ ಬ್ಲೈಂಡ್ ಐ’ ಕಡೆಗೆ ತಿರುಗಿತು. ಕಂಡೂ ಕಾಣದಂತಿರುವುದಕ್ಕೆ ಸಲ್ಲುವ ಈ ಮಾತನ್ನು ಸಾಮಾನ್ಯವಾಗಿ ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್ನನ ಲೆಕ್ಕಕ್ಕೆ ಬರೆಯುತ್ತಾರೆ. 1794ರಲ್ಲಿ ಕಾರ್ಸಿಕಾದ ಕಾಲ್ವಿಯಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಅವನು, 1801ರ ಕೋಪನ್‌ಹೇಗನ್ ಕದನದ ನಡುವೆ ಮೇಲಧಿಕಾರಿ ಪಾರ್ಕರ್ ‘ಕಾಳಗ ನಿಲ್ಲಿಸು’ ಎಂದು ಬಾವುಟ ಹಾರಿಸಿದಾಗ, ದೂರದರ್ಶಕವನ್ನು ಆ ಕುರುಡುಗಣ್ಣಿಗೇ ಹಿಡಿದು, ತನಗೆ ಸಂಕೇತವೇ ಕಾಣುತ್ತಿಲ್ಲ ಎಂದನಂತೆ.

“ಇದು ಶುದ್ಧ ಆಜ್ಞೋಲ್ಲಂಘನೆ. ಶಿಕ್ಷೆ ಏನಾಯಿತು?” ಎಂದರು ವಕೀಲರು.

“ಕದನದಲ್ಲಿ ಗೆದ್ದನಲ್ಲ! ಎರಡೂ ಕಣ್ಣು ನೆಟ್ಟಗಿದ್ದ ಪಾರ್ಕರನನ್ನು ವಾಪಸು ಕರೆಸಿಕೊಂಡು, ಪಡೆಯನ್ನು ನೆಲ್ಸನ್ನನ ಕೈಗೇ ಒಪ್ಪಿಸಿದರು.”

ಅಷ್ಟು ಹೊತ್ತು ಮುಖ ಬಿಗಿದುಕೊಂಡಿದ್ದ ರಾಯರು ಈಗ ಬಾಯಿ ತೆರೆದರು: “ಇದರಲ್ಲೇನು ಹೆಚ್ಚುಗಾರಿಕೆ? ನಮ್ಮ ಕಚೇರಿಯಲ್ಲಿ ದೂರದರ್ಶಕದ ಖರ್ಚೂ ಇಲ್ಲದೆ ಇದೇ ಕೆಲಸ ಮಾಡಿ ಬಡ್ತಿ ಪಡೆದವರಿದ್ದರು.”